ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮಗೆಲ್ಲ ಗೊತ್ತಿರುವುದೇ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿರುವ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಮಕ್ಕಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹಟಮಾರಿತನ ಒಳ್ಳೆಯದಲ್ಲ ಎಂದು ಬರೆದವರಿಗೆಲ್ಲ ಧಾರಾಳವಾಗಿ ಅಂಕ ಹಾಕಿದ್ದೇನೆ. ಆದರೆ ಗಾದೆಯೊಳಗಿನ ಆ ಮೊಲದ ಬಗ್ಗೆ ಒಂದು ಮಗುವೂ ಬರೆಯಲಿಲ್ಲ, ನಾನೂ ಯೋಚಿಸಲಿಲ್ಲ. ಹಿಡಿದವನು ಮೂರು ಎನ್ನುತ್ತಾನೆ, ಎದುರಿಗಿದ್ದವನು ನಾಲ್ಕು ಎನ್ನುತ್ತಾನೆ. ಇವರಿಬ್ಬರ ವಾದ ಮುಗಿಯುವ ತನಕ ಆ ಬಡಪಾಯಿ ಪ್ರಾಣಿ ಒಬ್ಬನ ಕೈಯಲ್ಲಿ ನೇತಾಡುತ್ತಿರುತ್ತದಲ್ಲ, ಅದರ ಪಾಡೇನು?

ಈಗ ನನ್ನ ಮನೆಯಲ್ಲೇ ಒಂದು ಮೊಲವಿದೆ. ಅದು ಮೆಟ್ಟಿಲು ಹತ್ತುತ್ತದೆ, ಇಳಿಯುತ್ತದೆ. ಇಷ್ಟು ಹೇಳಿದರೆ ಸಾಕು, ಬಂದ ನೆಂಟರೆಲ್ಲ ನಗುತ್ತಾರೆ. “ಅಯ್ಯೋ ಟೀಚರ್, ಮೊಲಕ್ಕೂ ಪಾಠ ಶುರು ಮಾಡಿದಿರಾ?” ಎನ್ನುತ್ತಾರೆ. ನಗಲಿ. ಆದರೆ ನಕ್ಕು ಮುಗಿಸಿದ ಮೇಲೆ ಅವರು ಕೊಡುವ ಬುದ್ಧಿವಾದಗಳಿವೆಯಲ್ಲ, ಅವುಗಳ ಮೇಲೆ ನನಗೆ ಜಗಳವಿದೆ. ಆ ಜಗಳವನ್ನು ಮನೆಯ ಹಜಾರದಲ್ಲಿ ಆಡಿ ಆಡಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೊಲ ಬಂದ ಕಥೆ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ೨೦೨೨ರ ಜನವರಿಯಲ್ಲಿ ಒಂದು ಬುಟ್ಟಿ ಹಿಡಿದುಕೊಂಡು ದಾವಣಗೆರೆಯ ಬಸ್ಸು ಇಳಿದಳು. ಬಾಡಿಗೆ ಮನೆಯ ಯಜಮಾನರು ಪ್ರಾಣಿ ಸಾಕಬಾರದು ಎಂದು ತಕರಾರು ತೆಗೆದಿದ್ದರಂತೆ. “ಎರಡೇ ವಾರ ಅಮ್ಮಾ, ಬೇರೆ ಮನೆ ಸಿಕ್ಕ ಕೂಡಲೇ ಕರೆದುಕೊಂಡು ಹೋಗ್ತೀನಿ” ಎಂದಳು. ಹೆಣ್ಣುಮಕ್ಕಳು ತವರಿನಲ್ಲಿ ಎರಡು ವಾರಕ್ಕೆಂದು ಬಿಟ್ಟುಹೋದ ಸಾಮಾನು ವಾಪಸು ಹೋದ ಉದಾಹರಣೆ ನಿಮ್ಮ ಮನೆಯಲ್ಲಿದ್ದರೆ ಹೇಳಿ. ನಮ್ಮಲ್ಲಂತೂ ಇಲ್ಲ. ಬುಟ್ಟಿಯೊಳಗೆ ಬೆಳ್ಳಗೆ ಮುದುರಿ ಕುಳಿತಿದ್ದುದನ್ನು ನಮ್ಮ ಅತ್ತೆ ಬಗ್ಗಿ ನೋಡಿ, “ಇದೇನೇ, ಗಿರಣಿಯಿಂದ ತಂದ ಹತ್ತಿ ಇದ್ದಂಗಿದೆ!” ಎಂದರು. ನಮ್ಮ ಮಾವನವರು ಇದೇ ಊರಿನ ಒಂದು ಹತ್ತಿ ಗಿರಣಿಯಲ್ಲಿ ದುಡಿದವರು. ಆ ದಿನದಿಂದ ಅದರ ಹೆಸರು ಹತ್ತಿ ಎಂದೇ ಆಯಿತು. ಹೆಸರಿಟ್ಟಾಗ ಯಾರಿಗೂ ಹೊಳೆದಿರಲಿಲ್ಲ, ಮುಂದೆ ಇಡೀ ಮನೆಯೇ “ಹತ್ತಿ ಹತ್ತಿತಾ?” ಎಂದು ಕೇಳುವ ಕಾಲ ಬರುತ್ತದೆಂದು.

ನಮ್ಮದು ಹಳೆಯ ಮನೆಯನ್ನು ಕೆಡವಿ ೨೦೧೬ರಲ್ಲಿ ಕಟ್ಟಿಸಿದ ಮನೆ. ಕೆಳಗೆ ಹಜಾರ, ಅಡಿಗೆಮನೆ, ಅತ್ತೆಯವರ ಕೋಣೆ. ಮೇಲೆ ನಮ್ಮ ಕೋಣೆ, ಬಾಲ್ಕನಿ. ನಡುವೆ ಹದಿನೇಳು ಮೆಟ್ಟಿಲು, ಒಂಬತ್ತರ ನಂತರ ಒಂದು ತಿರುವು. ಮೆಟ್ಟಿಲಿಗೆಲ್ಲ ಕರಿಯ ಗ್ರಾನೈಟ್. ಗೃಹಪ್ರವೇಶಕ್ಕೆ ಬಂದವರು ಮೆಟ್ಟಿಲಲ್ಲಿ ಮುಖ ಕಾಣುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು. ನಾನೂ ಉಬ್ಬಿಹೋಗಿದ್ದೆ. ಮೆಟ್ಟಿಲಿರುವುದು ಮುಖ ನೋಡಿಕೊಳ್ಳುವುದಕ್ಕೋ ಕಾಲಿಡುವುದಕ್ಕೋ ಎಂದು ಆಗ ಯಾರೂ ಕೇಳಲಿಲ್ಲ.

ಹತ್ತಿ ಬಂದ ಮೂರನೆಯ ದಿನವೇ ನನ್ನ ಹಿಂದೆ ಹಿಂದೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಿತು. ನಾನು ಮೇಲೆ ಹೋದೆ. ಅದು ಮುಂಗಾಲು ಎರಡನ್ನೂ ಮೊದಲ ಮೆಟ್ಟಿಲ ಮೇಲಿಟ್ಟು, ಮೂತಿ ಎತ್ತಿ ನೋಡಿತು. ಹಿಂಗಾಲು ಒತ್ತಿ ನೆಗೆಯಹೋದಾಗ ಜರ್ರೆಂದು ಜಾರಿ ಹೊಟ್ಟೆಯ ಮೇಲೆ ಬಿತ್ತು. ಎದ್ದು ಹಿಂಗಾಲಿನಿಂದ ನೆಲಕ್ಕೆ ಧಪ್ಪೆಂದು ಬಡಿಯಿತು. ಮೊಲ ಹೆದರಿದಾಗ, ಅಪಾಯವೆಂದು ತಿಳಿದಾಗ ಹೀಗೆ ಬಡಿಯುತ್ತದೆ. ಆಮೇಲೆ ಸೋಫಾದ ಕೆಳಗೆ ಸೇರಿಕೊಂಡಿತು.

ಬುದ್ಧಿವಾದಗಳು ಅಂದಿನಿಂದ ಶುರುವಾದವು. ನಮ್ಮ ಯಜಮಾನರು, “ಅದು ಕೆಳಗಿನ ಪ್ರಾಣಿ, ಕೆಳಗೇ ಇರಲಿ ಬಿಡು” ಎಂದರು. ಪಕ್ಕದ ಮನೆಯವರು, “ತಾರಸಿಯ ಮೇಲೆ ಒಂದು ತಂತಿ ಗೂಡು ಮಾಡಿಸಿ ಹಾಕಿಬಿಡಿ ಟೀಚರ್, ಮನೆ ಗಲೀಜಾಗಲ್ಲ” ಎಂದರು. ನನ್ನ ನಾದಿನಿ, “ಅತ್ತಿಗೆ, ಕಿವಿ ಹಿಡಿದು ಎತ್ತಿಕೊಂಡು ಹೋಗಿ ಮೇಲೆ ಬಿಟ್ಟರಾಯ್ತಪ್ಪ, ಅದಕ್ಕೆ ಯಾಕೆ ಇಷ್ಟು ಯೋಚನೆ?” ಎಂದಳು. ಅವಳ ಮಗ ಎಲ್ಲರಿಗಿಂತ ಮುಂದೆ ಹೋದ. ನಾನು ಶಾಲೆಯಿಂದ ಬರುವಷ್ಟರಲ್ಲಿ ಹತ್ತಿಯನ್ನು ಎತ್ತಿಕೊಂಡು ಹೋಗಿ ಎಂಟನೆಯ ಮೆಟ್ಟಿಲ ಮೇಲೆ ಕೂರಿಸಿ, ಹಿಂದಿನಿಂದ ಚಪ್ಪಾಳೆ ತಟ್ಟಿ, ಅದು ದಡದಡ ಉರುಳಿದಂತೆ ಓಡಿಬಂದದ್ದನ್ನು ಮೊಬೈಲಿನಲ್ಲಿ ಹಿಡಿದಿದ್ದ. “ನೋಡಿ ಅತ್ತೆ, ಒಂದೇ ದಿನಕ್ಕೆ ಕಲಿಸಿಬಿಟ್ಟೆ!” ಎಂದು ತೋರಿಸಿದ. ಆ ಹುಡುಗನ ತಪ್ಪೆಂದು ನಾನು ಹೇಳುವುದಿಲ್ಲ. ಇಂಥ ಚಿತ್ರಗಳನ್ನು ನೋಡಿ ಲಕ್ಷಾಂತರ ಜನ ನಗುವಾಗ ಅವನೂ ನಕ್ಕ. ಆದರೆ ಆ ಮೊಲ ಓಡಿಬಂದದ್ದು ಕಲಿತದ್ದರಿಂದಲ್ಲ, ಹೆದರಿದ್ದರಿಂದ. ಹೆದರಿಕೆಯೂ ಕಲಿಕೆಯೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತವೆ. ಬೆತ್ತ ತೋರಿಸಿದರೆ ಮಗ್ಗಿ ಒಪ್ಪಿಸುವ ಹುಡುಗನನ್ನು ನಾನು ಎಷ್ಟು ಬಾರಿ ಜಾಣ ಎಂದುಕೊಂಡಿದ್ದೆನೋ! ಮರುದಿನ ಬೆತ್ತವಿಲ್ಲದಾಗ ಕೇಳಿದರೆ ಏಳೆಂಟಲೇ ಅವನಿಗೆ ಬರುತ್ತಿರಲಿಲ್ಲ. ಹತ್ತಿಯದೂ ಅದೇ ಆಯಿತು. ಆಮೇಲೆ ಹತ್ತು ದಿನ ಅದು ಮೆಟ್ಟಿಲ ಹತ್ತಿರಕ್ಕೇ ಸುಳಿಯಲಿಲ್ಲ.

ಕಿವಿ ಹಿಡಿದು ಎತ್ತುವ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ನನ್ನ ಕೈ ತಡೆಯುತ್ತದೆ, ಆದರೂ ಬರೆಯಬೇಕು.

೨೦೦೪ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಗೆ ಯಾರೋ ದಾನಿಗಳು ಎರಡು ಬಿಳಿಯ ಮೊಲ ಕೊಟ್ಟಿದ್ದರು. ಗೂಡು ಮೆಟ್ಟಿಲ ಕೆಳಗಿನ ಜಾಗದಲ್ಲಿತ್ತು. ಮಹಡಿಯ ಕೋಣೆಯಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ. ಅತಿಥಿಗಳು ಬರುವ ಹೊತ್ತಾಗಿತ್ತು, ಮೊಲವನ್ನು ಮೇಲೆ ತರಬೇಕಿತ್ತು. ನಾನು ಒಂದು ಕೈಯಲ್ಲಿ ಕಾಗದದ ಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಮೊಲದ ಕತ್ತಿನ ಮೇಲಿನ ಸಡಿಲ ಚರ್ಮ ಹಿಡಿದು ನೇತಾಡಿಸಿಕೊಂಡು ದುಡುದುಡು ಮೆಟ್ಟಿಲು ಹತ್ತಿದೆ. ಹಿಂಗಾಲಿಗೆ ಆಧಾರವಿರಲಿಲ್ಲ. ಅರ್ಧ ದಾರಿಯಲ್ಲಿ ಅದು ಎರಡು ಸಲ ಜೋರಾಗಿ ಒದ್ದಿತು. ಅವರೆಕಾಯಿ ಮುರಿದಂಥ ಒಂದು ಸಣ್ಣ ಸದ್ದು. ಅದು ನನ್ನ ಕೈಯಿಂದ ಬೀಳಲೂ ಇಲ್ಲ. ಮೇಲೆ ಹೋಗಿ ನೆಲಕ್ಕಿಟ್ಟರೆ ಹಿಂಗಾಲು ಎರಡೂ ಬಟ್ಟೆಯಂತೆ ಎಳೆದುಕೊಂಡು ಬಂದವು. ಬೆನ್ನುಮೂಳೆ ಮುರಿದಿತ್ತು. ನಾಲ್ಕು ದಿನ ಬದುಕಿತ್ತು. ಮಕ್ಕಳು ಕೇಳಿದರೆ, “ಕಾಡಿಗೆ ಬಿಟ್ಟುಬಂದೆವು, ಅಲ್ಲಿ ಸುಖವಾಗಿದೆ” ಎಂದೆ. ಸತ್ಯ ನುಡಿಯಿರಿ ಎಂದು ಬೋರ್ಡಿನ ಮೇಲೆ ದಿನಾ ಸುಭಾಷಿತ ಬರೆಯುತ್ತಿದ್ದ ಟೀಚರು ಹೇಳಿದ ಮಾತಿದು.

ಆಮೇಲೆ ಪಶುವೈದ್ಯರು ವಿವರಿಸಿದ ಮೇಲೆ ನನಗೆ ಗೊತ್ತಾಯಿತು. ಮೊಲದ ಮೂಳೆಗಳೆಲ್ಲ ಸೇರಿದರೂ ಅದರ ಮೈತೂಕದ ನೂರಕ್ಕೆ ಏಳೆಂಟು ಪಾಲು ಮಾತ್ರ. ಬೆಕ್ಕಿನಲ್ಲಿ ಇದು ಹನ್ನೆರಡು ಹದಿಮೂರು ಪಾಲಿರುತ್ತದೆ. ಆದರೆ ಹಿಂಗಾಲಿನ ಮಾಂಸಖಂಡ ಮಾತ್ರ ಬಲು ಗಟ್ಟಿ. ಹಾಗಾಗಿ ಆಧಾರವಿಲ್ಲದೆ ಒದ್ದಾಗ ತನ್ನ ಬಲದಿಂದಲೇ ತನ್ನ ಬೆನ್ನು ಮುರಿದುಕೊಳ್ಳುತ್ತದೆ. ಕಿವಿ ಹಿಡಿದು ಎತ್ತುವುದಂತೂ ಶುದ್ಧ ಹಿಂಸೆ. ಆ ಕಿವಿಗಳ ತುಂಬ ರಕ್ತನಾಳಗಳಿವೆ, ಅದು ಮೈಯ ಬಿಸಿಯನ್ನು ಹೊರಹಾಕುವುದೇ ಕಿವಿಯಿಂದ. ಮೊಲವನ್ನು ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ನಮ್ಮ ಮೈಗೆ ಅಪ್ಪಿ ಹಿಡಿಯಬೇಕು. ಆದರೂ ಅದಕ್ಕೆ ಅದು ಇಷ್ಟವಾಗುವುದಿಲ್ಲ. ಮೇಲಿನಿಂದ ಬಂದು ನೆಲದಿಂದ ಎತ್ತುವವರೆಂದರೆ ಅದರ ಲೆಕ್ಕದಲ್ಲಿ ಹದ್ದು.

ಕಾಡಿಗೆ ಬಿಟ್ಟೆವೆಂದ ನನ್ನ ಸುಳ್ಳಿಗೂ ಬುಡವಿರಲಿಲ್ಲ. ನಮ್ಮ ಹೊಲಗಳಲ್ಲಿ, ಕುರುಚಲು ಕಾಡಿನಲ್ಲಿ ಓಡುವ ಕಂದು ಬಣ್ಣದ ಮೊಲವೇ ಬೇರೆ, ಅಂಗಡಿಯಲ್ಲಿ ಮಾರುವ ಮೊಲವೇ ಬೇರೆ. ನಾವು ಎರಡಕ್ಕೂ ಒಂದೇ ಹೆಸರಿಟ್ಟು ಕೂತಿದ್ದೇವೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಅದರ ಮರಿ ಕೂದಲು ಹೊತ್ತು ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಹಿಡಿದು ಸಾಕುವಂತಿಲ್ಲ. ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ನೆಲ. ಅದು ಬಿಲದಲ್ಲಿ ಬಾಳುವ ಜಾತಿ, ಮರಿ ಹುಟ್ಟುವಾಗ ಬರಿಮೈ, ಮುಚ್ಚಿದ ಕಣ್ಣು. ಜನರ ಕೈಯಲ್ಲಿ ತಲೆಮಾರುಗಳಿಂದ ಬೆಳೆದು ಬಂದ ಈ ಬಿಳಿಯ ಮೊಲವನ್ನು ಕಾಡಿಗೆ ಬಿಟ್ಟರೆ ಒಂದು ರಾತ್ರಿ ಕಳೆಯುವುದೂ ಕಷ್ಟ. ಅಂದಮೇಲೆ ಅದಕ್ಕೆ ಉಳಿದಿರುವ ಜಾಗ ನಮ್ಮ ಮನೆಯೊಂದೇ. ಆ ಮನೆ ಅದಕ್ಕೆ ಎಷ್ಟು ದೊಡ್ಡದಿರಬೇಕು, ಎಷ್ಟು ಸಣ್ಣದಿರಬೇಕು ಎಂದು ತೀರ್ಮಾನಿಸುವವರೂ ನಾವೇ.

ಹಾಗಾದರೆ ತಾರಸಿಯ ಗೂಡು ಏಕೆ ಬೇಡ? ದಾವಣಗೆರೆಯ ಏಪ್ರಿಲ್ ಬಿಸಿಲನ್ನು ಒಮ್ಮೆ ನೆನೆಸಿಕೊಳ್ಳಿ. ಮೂವತ್ತು ಡಿಗ್ರಿ ದಾಟಿದರೇ ಮೊಲಕ್ಕೆ ಸಂಕಟ ಶುರು. ನಮ್ಮಂತೆ ಬೆವರಿ ತಣ್ಣಗಾಗುವ ಅನುಕೂಲ ಅದಕ್ಕಿಲ್ಲ. ಕಾದ ತಾರಸಿಯ ಮೇಲೆ ತಂತಿ ಗೂಡಿನಲ್ಲಿ ಅದು ನರಳುವುದು ಕೆಳಗೆ ಫ್ಯಾನಿನಡಿ ಊಟ ಮಾಡುವವರಿಗೆ ಕೇಳಿಸುವುದೂ ಇಲ್ಲ, ಏಕೆಂದರೆ ಮೊಲ ಕೂಗುವ ಪ್ರಾಣಿಯಲ್ಲ. ಓಡಾಟವಿಲ್ಲದೆ ಗೂಡಿನಲ್ಲೇ ಬೆಳೆದ ಮೊಲದ ಮೂಳೆ ಇನ್ನಷ್ಟು ತೆಳ್ಳಗಾಗುತ್ತದೆ. ತಿರುಗಾಡಲು ಸಾಲದ ಇಕ್ಕಟ್ಟಿನ ಗೂಡಿನಲ್ಲಿ ಪ್ರಾಣಿಯನ್ನು ಕೂಡಿಹಾಕುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧವೆಂದೇ ಇದೆ. ಗಲೀಜಿನ ಮಾತು ಹೇಳುವವರಿಗೆ ಒಂದೇ ಉತ್ತರ. ಮೊಲ ಒಂದು ಮೂಲೆಯನ್ನು ತಾನೇ ಆರಿಸಿಕೊಳ್ಳುತ್ತದೆ. ಅಲ್ಲಿ ಒಂದು ತಟ್ಟೆಯಲ್ಲಿ ಹುಲ್ಲು ಹಾಸಿಟ್ಟರೆ ಹೆಚ್ಚಿನಂಶ ಅಲ್ಲೇ ಮುಗಿಸುತ್ತದೆ. ನಮ್ಮ ಮನೆಯ ಗಂಡಸರು ಒದ್ದೆ ಟವೆಲನ್ನು ಅದರ ಜಾಗದಲ್ಲಿ ಹಾಕುವುದನ್ನು ಇಷ್ಟು ಬೇಗ ಕಲಿತಿದ್ದರೆ ನಾನು ಪುಣ್ಯವಂತೆ.

ಇನ್ನು ಮೆಟ್ಟಿಲು. ಬಾರದ ವಿದ್ಯೆಯೆಂದು ಎಲ್ಲರೂ ತೀರ್ಪು ಕೊಟ್ಟಿದ್ದನ್ನು ನಾನು ಬೇರೆ ರೀತಿ ನೋಡತೊಡಗಿದೆ. ಹತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಪಾದ ಮಗುಚಿ ನೋಡಿದೆ. ಬೆಕ್ಕು ನಾಯಿಗಳಿಗಿರುವ ಮೆತ್ತೆಯಂಥ ಅಂಗಾಲು ಮೊಲಕ್ಕಿಲ್ಲ, ಪಾದದ ತುಂಬ ಬರೀ ಕೂದಲು. ಮಣ್ಣಿನಲ್ಲಿ ಉಗುರು ಊರಿ ಓಡಲು ಹೇಳಿ ಮಾಡಿಸಿದ ಕಾಲು ಅದು. ಹೊಳಪಿನ ಗ್ರಾನೈಟಿನ ಮೇಲೆ ಆ ಕಾಲಿಡುವುದೆಂದರೆ ನಾವು ಉಣ್ಣೆಯ ಕಾಲುಚೀಲ ಹಾಕಿಕೊಂಡು ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆದಂತೆ. ಅಂದಮೇಲೆ ಜಾರಿದ್ದು ಮೊಲದ ದಡ್ಡತನವೋ, ಮೆಟ್ಟಿಲು ಕಟ್ಟಿಸಿದವರ ದಡ್ಡತನವೋ? ಕಟ್ಟಿಸಿದವಳು ನಾನೇ ಆದ್ದರಿಂದ ಉತ್ತರ ಹೇಳಲು ತುಸು ಮುಜುಗರವಾಯಿತು.

ಮೊದಲು ತೆಂಗಿನ ನಾರಿನ ಚಾಪೆ ತಂದು ಮೆಟ್ಟಿಲ ಅಳತೆಗೆ ಕತ್ತರಿಸಿ ಹಾಸಿದೆ. ಜಾರುವುದು ನಿಂತಿತು, ಆದರೆ ವಾರದಲ್ಲಿ ಹತ್ತಿಯ ಹಿಮ್ಮಡಿಯ ಕೂದಲು ಉದುರಿ ಚರ್ಮ ಕೆಂಪಾಯಿತು. ಮೆತ್ತೆಯಿಲ್ಲದ ಪಾದಕ್ಕೆ ಒರಟು ನಾರು ಉಪ್ಪುಕಾಗದದಂತೆ ಉಜ್ಜಿತ್ತು. ಅದನ್ನು ತೆಗೆದು, ಅಟ್ಟದ ಮೇಲಿದ್ದ ಹಳೆಯ ಹತ್ತಿಯ ಜಮಖಾನವನ್ನು ಇಳಿಸಿ ಹದಿನೇಳು ತುಂಡು ಮಾಡಿ, ಎರಡೂ ಬದಿ ಅಂಟುವ ಟೇಪಿನಿಂದ ಅಂಟಿಸಿದೆ. ಜಮಖಾನದ ನೇಯ್ಗೆ ಬಿಗಿ, ಉಗುರು ಸಿಕ್ಕಿಕೊಳ್ಳುವ ಕುಣಿಕೆಗಳಿಲ್ಲ. ಪಶುವೈದ್ಯರ ಹತ್ತಿರ ಕರೆದೊಯ್ದು ಉಗುರು ಕತ್ತರಿಸಿಕೊಂಡು ಬಂದೆ. ಮೆಟ್ಟಿಲ ಪಕ್ಕದ ಕಂಬಿಗಳ ಸಂದಿಯಲ್ಲಿ ನುಸುಳಿ ಬೀಳದಂತೆ ಹಳೆಯ ಸೀರೆಯೊಂದನ್ನು ಉದ್ದಕ್ಕೂ ಬಿಗಿದು ಕಟ್ಟಿದೆ. ಮನೆಯ ಅಂದ ಕೆಟ್ಟಿತು. ಮುಖ ಕಾಣುವ ಮೆಟ್ಟಿಲು ಹೋಗಿ ಮದುವೆ ಛತ್ರದ ಜಮಖಾನ ಬಂತಲ್ಲ ಎಂದು ಯಜಮಾನರು ಎರಡು ದಿನ ಮುಖ ಗಂಟು ಹಾಕಿಕೊಂಡರು.

ಪಾಠ ಶುರುವಾದದ್ದು ಮೆಟ್ಟಿಲ ಮೇಲಲ್ಲ, ಊಟದ ಮಣೆಯ ಮೇಲೆ. ನಮ್ಮ ಮೆಟ್ಟಿಲು ಏಳಿಂಚು ಎತ್ತರ, ಮಣೆ ಮೂರೇ ಇಂಚು. ಮಣೆಯ ಮೇಲೆ ನಾಲ್ಕು ಎಸಳು ಕೊತ್ತಂಬರಿ ಸೊಪ್ಪಿಟ್ಟು ನಾನು ದೂರ ಕುಳಿತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕರೆಯಲಿಲ್ಲ, ತಳ್ಳಲಿಲ್ಲ. ಮೊಲ ಚುರುಕಾಗುವುದು ಮುಂಜಾನೆ ಮತ್ತು ಸಂಜೆ. ನಡುಮಧ್ಯಾಹ್ನ ಎಬ್ಬಿಸಿ ಪಾಠ ಹೇಳಿದರೆ ಕೊನೆಯ ಪೀರಿಯಡ್ಡಿನ ಹುಡುಗರಂತೆಯೇ ತೂಕಡಿಸುತ್ತದೆ. ಮಣೆ ಹತ್ತಿ ಇಳಿಯುವುದು ಐದು ದಿನಕ್ಕೆ ಬಂತು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಸೊಪ್ಪು. ಒಂದು ಮೆಟ್ಟಿಲು ಹತ್ತಿದರೆ ಅದೇ ಮೆಟ್ಟಿಲು ಇಳಿಯುವುದನ್ನೂ ಕಲಿತ ಮೇಲೆಯೇ ಎರಡನೆಯದು. ಗಣಪತಿಗೆ ಪ್ರಿಯವಾದ ಗರಿಕೆ ಮೊಲಕ್ಕೂ ಪ್ರಿಯ ಎಂದು ಅತ್ತೆ ಕಂಡುಹಿಡಿದರು. ಆಮೇಲೆ ದೇವರ ಪಾಲು ಮತ್ತು ಹತ್ತಿಯ ಪಾಲು ಎಂದು ಎರಡು ಕಟ್ಟು ಮನೆಗೆ ಬರತೊಡಗಿತು.

ಹತ್ತುವುದು ಬೇಗ ಬಂತು. ಮುಂಗಾಲು ಮೇಲಿಟ್ಟು ಹಿಂಗಾಲಿನಿಂದ ಒತ್ತಿದರಾಯಿತು, ಬಲವೆಲ್ಲ ಇರುವುದು ಅಲ್ಲೇ. ಮೂರು ವಾರಕ್ಕೆ ತಿರುವಿನ ತನಕ ಹೋಯಿತು. ಕಷ್ಟವಿದ್ದುದು ಇಳಿಯುವುದರಲ್ಲಿ. ಇಳಿಯುವಾಗ ಮೈಭಾರವೆಲ್ಲ ಸಣ್ಣ ಮುಂಗಾಲಿನ ಮೇಲೆ ಬೀಳುತ್ತದೆ. ಜೊತೆಗೆ ಮೊಲದ ಕಣ್ಣಿರುವುದು ತಲೆಯ ಎರಡು ಪಕ್ಕದಲ್ಲಿ. ಹಿಂದೆ, ಮೇಲೆ, ಅಕ್ಕಪಕ್ಕ ಎಲ್ಲ ಕಾಣುತ್ತದೆ, ತನ್ನ ಮೂಗಿನ ಬುಡದಲ್ಲಿರುವುದು ಮಾತ್ರ ಕಾಣುವುದಿಲ್ಲ. ಕಾಲಿಡಬೇಕಾದ ಮೆಟ್ಟಿಲೇ ಕಾಣದಿದ್ದರೆ ನೀವು ಇಳಿಯುತ್ತೀರಾ? ತಿರುವಿನಲ್ಲಿ ನಿಂತು ಹತ್ತಿ ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ಅಳತೆ ನೋಡುತ್ತಿದ್ದುದು ಇದಕ್ಕೇ. ನಾವು ಅದನ್ನು ಪುಕ್ಕಲು ಎಂದು ಕರೆಯುತ್ತೇವೆ. ನಾನು ಎರಡು ಮೆಟ್ಟಿಲು ಕೆಳಗೆ ಕುಳಿತು ಸುಮ್ಮನಿರುತ್ತಿದ್ದೆ, ಬಿದ್ದರೆ ತಡೆಯಲು. ಅದಕ್ಕೆ ಧೈರ್ಯ ಬಂದ ದಿನ ಇಳಿಯುತ್ತಿತ್ತು. ಬಾರದ ದಿನ ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಕೆಳಗೆ ತಂದು ಬಿಡುತ್ತಿದ್ದೆ. ಹದಿನೇಳೂ ಮೆಟ್ಟಿಲನ್ನು ತಾನಾಗಿ ಹತ್ತಿ ತಾನಾಗಿ ಇಳಿದಾಗ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಕೆಳಗೆ ಬಂದದ್ದೇ ಗಾಳಿಯಲ್ಲಿ ಮೈ ತಿರುಚಿ ಒಮ್ಮೆ ನೆಗೆಯಿತು. ಮೊಲಕ್ಕೆ ಖುಷಿಯಾದಾಗ ಹಾಗೆ ನೆಗೆಯುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನನ್ನ ಹೊಗಳಿಕೆಯ ಕಥೆಯಾಗುತ್ತಿತ್ತು. ಆದರೆ ಜಮಖಾನ ಹಾಸಿದ ಎರಡನೆಯ ವಾರ ಇನ್ನೊಂದು ನಡೆಯಿತು. ನಾನು ಶಾಲೆಯಿಂದ ಬಂದಾಗ ಅತ್ತೆ ಕೋಣೆಯಲ್ಲಿರಲಿಲ್ಲ. ಎಂಬತ್ತೆರಡು ವರ್ಷದವರು, ಎಲ್ಲಿ ಹೋದರೆಂದು ಗಾಬರಿಯಾಗಿ ಕೂಗಿದೆ. “ಮೇಲಿದೀನಿ” ಎಂಬ ದನಿ ಬಂತು. ಓಡಿಹೋದರೆ ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದಾರೆ! ಹಳೆಯ ಮನೆಯಲ್ಲಿ ಅವರು ದಿನಾ ಸಂಜೆ ಒರಟು ಕಲ್ಲಿನ ಮೆಟ್ಟಿಲು ಹತ್ತಿ, ಬಿಸಿಲುಮಚ್ಚಿನ ಮೇಲೆ ಕುಳಿತು, ಬೀದಿ ನೋಡುತ್ತ ಹೂ ಕಟ್ಟುತ್ತಿದ್ದವರು. ಹೊಸ ಮನೆಗೆ ಬಂದ ಮೇಲೆ ಒಮ್ಮೆಯೂ ಮೇಲೆ ಬಂದಿರಲಿಲ್ಲ. ವಯಸ್ಸಾಯಿತು, ಇನ್ನು ಅವರ ಕೈಲಾಗುವುದಿಲ್ಲ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

“ಹೆಂಗೆ ಹತ್ತಿದಿರಿ ಅತ್ತೆ?” ಎಂದೆ.

“ಈಗ ಜಾರಲ್ವಲ್ಲಮ್ಮ” ಎಂದರು. ಹೂವಿನ ದಾರವನ್ನು ಹಲ್ಲಿನಿಂದ ಕಡಿದು, ನನ್ನ ಮುಖ ನೋಡದೆ ಮತ್ತೆ ಹೇಳಿದರು: “ಆರು ವರ್ಷ ಆಯ್ತು ಈ ಮನೆಗೆ ಬಂದು. ಮೊಲ ಜಾರಿತು ಅಂತ ಹಾಸಿದೆ. ಇರಲಿ ಬಿಡು, ನನಗೂ ಆಯ್ತು.”

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಅದು ಹೆಚ್ಚು ನಾಟಿತು. ಗೃಹಪ್ರವೇಶದ ವಾರದಲ್ಲೇ ಅವರು ಮೂರನೆಯ ಮೆಟ್ಟಿಲಲ್ಲಿ ಜಾರಿ ಕಂಬಿ ಹಿಡಿದು ನಿಂತಿದ್ದು ನನಗೆ ನೆನಪಿದೆ. “ನೋಡಿಕೊಂಡು ನಡೀಬಾರದೇ ಅತ್ತೆ” ಎಂದಿದ್ದೆ. ಅವರ ಕಾಲಿಗೆ ಬುದ್ಧಿ ಹೇಳಿದೆನೇ ಹೊರತು ಮೆಟ್ಟಿಲಿಗೆ ಹೇಳಲಿಲ್ಲ. ಅತ್ತೆ ಹಿಡಿದು ತೋರಿಸಿದ ಆ ಸತ್ಯದ ಮುಂದೆ, ಮೊಲಕ್ಕೆ ಮೂರೇ ಕಾಲು ಎಂದು ಆರು ವರ್ಷ ಸಾಧಿಸಿದವಳು ನಾನೇ ಆಗಿದ್ದೆ.

ಈಗ ನನ್ನ ವಾದವನ್ನು ಹೇಳುತ್ತೇನೆ. ಒಂದು ಜೀವ ನಮ್ಮ ಮನೆಯಲ್ಲಿ ಎಡವಿದರೆ, ಅದಕ್ಕೆ ಬರುವುದಿಲ್ಲ ಎಂದು ತೀರ್ಪು ಕೊಡುವ ಮೊದಲು ನಾವು ಬಗ್ಗಿ ನೆಲವನ್ನು ಮುಟ್ಟಿ ನೋಡಬೇಕು. ಬಂದವರು ಮನೆಗೆ ಹೊಂದಿಕೊಳ್ಳಲಿ ಎನ್ನುವುದು ನಮ್ಮ ಅಭ್ಯಾಸ. ಸೊಸೆಯಾಗಿ ಬಂದ ನಮಗೆಲ್ಲ ಈ ಮಾತಿನ ರುಚಿ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನೇ ಇನ್ನೊಬ್ಬರ ಮೇಲೆ ಹೊರಿಸುತ್ತೇವೆ. ಮನೆಯೂ ಒಂದಿಷ್ಟು ಹೊಂದಿಕೊಳ್ಳಲಿ. ಹದಿನೇಳು ತುಂಡು ಜಮಖಾನಕ್ಕೆ ಆದ ಖರ್ಚು ಟೇಪಿನದು ಮಾತ್ರ.

“ಮನುಷ್ಯರಿಗೇ ದಿಕ್ಕಿಲ್ಲ, ಮೊಲಕ್ಕೆ ಇಷ್ಟು ಉಪಚಾರವೇ?” ಎಂದು ಕೇಳುವವರಿದ್ದಾರೆ. ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಿದೆನಲ್ಲ, ಮೊಲದ ಉಪಚಾರದಿಂದಲೇ ಮನುಷ್ಯರೊಬ್ಬರಿಗೆ ದಿಕ್ಕಾಯಿತು. ಕರುಣೆ ಎಂಬುದು ಒಬ್ಬರಿಗೆ ಬಡಿಸಿದರೆ ಇನ್ನೊಬ್ಬರಿಗೆ ಕಡಿಮೆಯಾಗಲು ಹೋಳಿಗೆಯಲ್ಲ.

ಹಾಗೆಂದು ಎಲ್ಲರ ಮನೆಯ ಮೊಲವೂ ಮೆಟ್ಟಿಲು ಹತ್ತಲೇಬೇಕು ಎಂದು ನಾನು ಹೊಸದೊಂದು ಹಟ ಹಿಡಿಯುವುದಿಲ್ಲ. ವಯಸ್ಸಾದ ಮೊಲ, ಕೀಲುನೋವಿನ ಮೊಲ, ಮೈ ತೀರಾ ಬಂದ ಮೊಲ ಇದ್ದರೆ ಮೆಟ್ಟಿಲ ಬುಡಕ್ಕೆ ಒಂದು ಅಡ್ಡಹಲಗೆ ಇಡಿ. ಮೆಟ್ಟಿಲುಗಳ ನಡುವೆ ಖಾಲಿ ಸಂದಿಯಿರುವ ಕಬ್ಬಿಣದ ಮೆಟ್ಟಿಲಿಗೆ ಬಿಡಲೇಬೇಡಿ. ನೋಡಿಕೊಳ್ಳಲು ಯಾರೂ ಇಲ್ಲದಾಗ ಆರೋಗ್ಯವಂತ ಮೊಲವನ್ನೂ ಬಿಡಬೇಡಿ. ಕೆಳಗಿನ ಹಜಾರವೇ ವಿಶಾಲವಾಗಿದ್ದು, ಅದಕ್ಕೆ ಮೇಲೆ ಬರುವ ಆಸೆಯೇ ಇಲ್ಲದಿದ್ದರೆ ಸುಮ್ಮನಿರಿ. ಆಸೆ ಅದರದ್ದಾಗಿರಬೇಕು, ನಮ್ಮ ಮೊಬೈಲಿನದ್ದಲ್ಲ.

ಇನ್ನೊಂದು ಮಾತು ತಾಯಂದಿರಿಗೆ. ಮಗುವಿನ ಹುಟ್ಟುಹಬ್ಬಕ್ಕೆಂದು ದಯವಿಟ್ಟು ಮೊಲ ತರಬೇಡಿ. ಅಂಗಡಿಯಲ್ಲಿ ಅಂಗೈಯಗಲ ಇರುವುದು ಎಂಟು ಹತ್ತು ವರ್ಷ ಬದುಕುವ ಜೀವ. ಮಗು ಎಸ್ಸೆಸ್ಸೆಲ್ಸಿ ಮುಗಿಸಿ ಹಾಸ್ಟೆಲ್ಲಿಗೆ ಹೋದ ಮೇಲೂ ಅದು ನಿಮ್ಮ ಅಡಿಗೆಮನೆಯ ಬಾಗಿಲಲ್ಲೇ ಇರುತ್ತದೆ, ಹುಲ್ಲು ಹಾಕುವವರು ನೀವೇ ಆಗಿರುತ್ತೀರಿ. ಜೋಡಿ ತಂದರೆ ಗಂಡು ಹೆಣ್ಣು ನೋಡಿಕೊಳ್ಳಿ, ಬಸಿರು ಒಂದೇ ತಿಂಗಳದ್ದು. ಕ್ಯಾರೆಟ್ ಮತ್ತು ಕೋಸು ಹಾಕಿದರೆ ಸಾಕು ಎಂದು ಮಾರುವವರು ಹೇಳುತ್ತಾರೆ. ನಂಬಬೇಡಿ. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು, ಅದು ಎಂದಾದರೊಮ್ಮೆ ಒಂದು ಚೂರು. ಮೊಲದ ನಿಜವಾದ ಊಟ ಹುಲ್ಲು, ಒಣಹುಲ್ಲು. ಅದರ ಹಲ್ಲು ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದರೆ ಮಾತ್ರ ಸವೆಯುತ್ತದೆ. ಇಷ್ಟೆಲ್ಲ ಆಗುತ್ತದೆ ಎನ್ನುವವರು ತನ್ನಿ, ಕಾಲಕೆಳಗಿನ ನೆಲವನ್ನು ಮೊದಲು ಸರಿಮಾಡಿ ತನ್ನಿ. ಆಗುವುದಿಲ್ಲ ಎನ್ನುವವರು ಚಂದ್ರನಲ್ಲಿರುವ ಮೊಲವನ್ನು ಮಗುವಿಗೆ ತೋರಿಸಿ. ಅದಕ್ಕೆ ಯಾವ ಮೆಟ್ಟಿಲೂ ಬೇಡ.

ಇದನ್ನು ಬರೆಯುತ್ತಿರುವ ಹೊತ್ತಿಗೆ ಸಂಜೆಯಾಗಿದೆ. ಅತ್ತೆ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ, ಈಗ ವಯಸ್ಸು ಇನ್ನೂ ಆಗಿದೆ, ತಿರುವಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ. ಹತ್ತಿ ಅವರಿಗಿಂತ ಎರಡು ಮೆಟ್ಟಿಲು ಮುಂದೆ ಹೋಗಿ, ನಿಂತು, ಹಿಂತಿರುಗಿ ನೋಡುತ್ತದೆ. ಅವರನ್ನು ಯಾರೂ ಅವಸರ ಮಾಡುವುದಿಲ್ಲ. ಆ ಶಾಲೆಯ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮೊಲ ಕಾಡಿಗೆ ಹೋಗಲಿಲ್ಲ ಮಕ್ಕಳೇ. ಅದು ಮೆಟ್ಟಿಲ ಮೇಲೆ, ನನ್ನ ಕೈಯಲ್ಲಿ ಮುರಿಯಿತು. ಇಪ್ಪತ್ತು ವರ್ಷ ತಡವಾಗಿ ಹೇಳುತ್ತಿದ್ದೇನೆ.